ಬಲಗಡೆಯಿಂದ ಬರೆದ ಭಾಗಾಕಾರ

ನಾರಾಯಣಪೇಟೆಯ ನಮ್ಮ ಶಾಲೆಯಲ್ಲಿ ನನ್ನ ತರಗತಿಗೂ ಲೆಕ್ಕದ ಮಾಸ್ತರರ ತರಗತಿಗೂ ನಡುವೆ ಗೋಡೆ ಇರಲಿಲ್ಲ. ಬಿದಿರಿನ ತಟ್ಟಿ ಇತ್ತು. ತಟ್ಟಿಯ ಆ ಕಡೆ ಮಕ್ಕಳು ನಗುತ್ತಿದ್ದರು. ಈ ಕಡೆ ನನ್ನ ಮಕ್ಕಳು ಭೂಗೋಳದ ಪುಸ್ತಕ ತೆರೆದಿಟ್ಟುಕೊಂಡು ಆ ನಗುವನ್ನೇ ಕೇಳುತ್ತಿದ್ದರು. ಲೆಕ್ಕದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಎದ್ದು ಹೋಗಿ ನೋಡಬೇಕೆಂದು ನನಗೆ ಎಷ್ಟೋ ಸಲ ಅನಿಸಿತ್ತು. ಹೋಗಲಿಲ್ಲ. ನನಗಿಂತ ಹಿರಿಯರಾದರೂ ಅವರೂ ನನ್ನಂತೆಯೇ ಒಬ್ಬ ಮಾಸ್ತರರು. ಅವರ ಪಾಠ ನೋಡಲು ನಾನು ಹೋಗುವುದು ಅಂದರೇನು?

ಆಗಿನ್ನೂ ನಿಜಾಮರ ಆಡಳಿತ. ನಮ್ಮದು ವಸ್ತಾನಿಯಾ, ಅಂದರೆ ಮಾಧ್ಯಮಿಕ ಶಾಲೆ. ಕನ್ನಡ, ತೆಲುಗಿಗೆ ದಿನಕ್ಕೊಂದು ತಾಸು, ಮಿಕ್ಕದ್ದೆಲ್ಲ ಉರ್ದುವಿನಲ್ಲಿ. ನಾನು ಕನ್ನಡ ಕಲಿತದ್ದು ಮನೆಯಲ್ಲಿ, ಗುಡಿಯ ಅರ್ಚಕರಾಗಿದ್ದ ತಂದೆಯಿಂದ, ಉಸುಕಿನ ಮೇಲೆ ಬೆರಳಾಡಿಸಿ. ಲೆಕ್ಕ, ಭೂಗೋಳ, ಇತಿಹಾಸ ಕಲಿತದ್ದು ಉರ್ದುವಿನಲ್ಲಿ. ನಮ್ಮ ಕಡೆ ನನ್ನ ವಯಸ್ಸಿನ ಓದಿದವರೆಲ್ಲ ಹೀಗೆಯೇ ಎರಡು ದಾರಿಯಲ್ಲಿ ಬಂದವರು.

ಲೆಕ್ಕದ ಮಾಸ್ತರರಿಗೆ ಹೈದರಾಬಾದಿನಿಂದ ಒಂದು ಉರ್ದು ಮಾಸಪತ್ರಿಕೆ ಬರುತ್ತಿತ್ತು. ಅದು ಶಿಕ್ಷಕರಿಗಾಗಿಯೇ ತೆಗೆದ ಪತ್ರಿಕೆ. ನಾವು ಅದನ್ನು ರಿಸಾಲೆ ಎನ್ನುತ್ತಿದ್ದೆವು. ಟಪಾಲು ಬಂದ ದಿನ ಅವರು ಊಟದ ಬಿಡುವಿನಲ್ಲಿ ಬೇವಿನ ಕಟ್ಟೆಯ ಮೇಲೆ ಕೂತು ಅದನ್ನು ಬಿಚ್ಚುವರು. ಕೈಯಲ್ಲಿ ಪೆನ್ಸಿಲ್. ಒಮ್ಮೊಮ್ಮೆ ತಲೆಯಾಡಿಸುವರು, ಒಮ್ಮೊಮ್ಮೆ ಯಾರೊಂದಿಗೋ ಜಗಳಾಡುವವರಂತೆ ಹುಬ್ಬು ಗಂಟು ಹಾಕುವರು. ಮರುದಿನವೋ ಅದರ ಮರುದಿನವೋ ತಟ್ಟಿಯ ಆಚೆಯ ಸದ್ದು ಬೇರೆಯಾಗಿರುತ್ತಿತ್ತು. ಅವರ ಬಳಿ ಇರುವುದೇನೋ ಟಪಾಲಿನಲ್ಲಿ ಬರುತ್ತದೆ, ನನಗೆ ಬರುವುದಿಲ್ಲ ಎಂದು ನಾನು ನಂಬಿದ್ದೆ. ತನಿಖೆಗೆ ಬಂದ ಅಧಿಕಾರಿ ಅವರ ತರಗತಿಯಲ್ಲಿ ಗಂಟೆ ಹೊಡೆಯುವವರೆಗೂ ಕೂತಿದ್ದವರು, ನಾನು ನಕ್ಷೆ ಬಿಚ್ಚಿ ಮೊಳೆಗೆ ತೂಗುಹಾಕುವಷ್ಟರಲ್ಲಿ ಎದ್ದು ಹೊರಟಿದ್ದರು. ಮನೆಗೆ ಬಂದು ಅದನ್ನು ಹೇಳಿದೆ. ಹಿಂದಿನ ವಾರವೂ ಅವರ ವಿಷಯವನ್ನೇ ಹೇಳಿದ್ದೆ ಎಂದು ಕಾಣುತ್ತದೆ. ನನ್ನ ಹೆಂಡತಿ ರೊಟ್ಟಿ ಬಡಿಯುತ್ತಲೇ, "ದಿನಾ ಅವರ ಮಾತ ಆತಲ್ಲ ನಿಮ್ಮದು. ಅವರನ್ನ ಮದಿವಿ ಮಾಡಿಕೋಬೇಕಿತ್ತು ನೀವು," ಎಂದಳು.

ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು. ಭಾರತದ ಸೈನ್ಯ ಬಂದು ನಿಜಾಮರ ಆಡಳಿತ ಮುಗಿಯಿತು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ನಮ್ಮಂಥ ಹಿಂದೂಗಳ ಮನೆಗಳು ದೀಪ ಆರಿಸಿ ಕೂತಿದ್ದವು. ಅದಾದ ಮೇಲೆ ಲೆಕ್ಕದ ಮಾಸ್ತರರಂಥ ಮುಸಲ್ಮಾನರ ಮನೆಗಳು ಹಾಗೆ ಕೂತವು. ಇದರ ಬಗ್ಗೆ ನಾನು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಶಾಲೆ ಮುಚ್ಚಿತ್ತು. ಲೆಕ್ಕದ ಮಾಸ್ತರರು ಹೆಂಡತಿ ಮಕ್ಕಳೊಂದಿಗೆ ಗದ್ವಾಲದ ಮಾವನ ಮನೆಗೆ ಹೋಗಿದ್ದರು. ಅವರ ಬಾಡಿಗೆ ಮನೆಯ ಬಾಗಿಲು ತೆರೆದಿತ್ತು, ಬೀಗ ಕೊಂಡಿಯ ಸಮೇತ ನೆಲದ ಮೇಲಿತ್ತು. ಹೊಸಿಲ ಮೇಲೆ ಮಗುವಿನ ಒಂದೇ ಒಂದು ಚಪ್ಪಲಿ ಬಿದ್ದಿತ್ತು. ಒಳಗೆ ಯಾರು ಹೋಗಿದ್ದರು, ಯಾವಾಗ ಹೋಗಿದ್ದರು, ನಾನು ನೋಡಿಲ್ಲ. ಹೊಸಿಲು ದಾಟಿ ನಾನೂ ಒಳಗೆ ಹೋಗಲಿಲ್ಲ.

ಕೆಲವು ದಿನಗಳ ನಂತರ ಕಿರಾಣಿ ಅಂಗಡಿಯಲ್ಲಿ ಇಂಗು ಕೊಂಡೆ. ಅಂಗಡಿಯವನು ಕಟ್ಟಿಕೊಟ್ಟ ಹಾಳೆ ರಿಸಾಲೆಯದು. ಮನೆಗೆ ಬರುವ ದಾರಿಯಲ್ಲೇ ಬಿಚ್ಚಿ ಓದಿದೆ. ಅಳತೆಯ ಪಾಠ ಹೇಗೆ ಆರಂಭಿಸಬೇಕು ಎಂಬ ಲೇಖನ. ವಾಕ್ಯ ಅರ್ಧಕ್ಕೆ ನಿಂತಿತ್ತು. ನಾನು ಹಿಂದಿರುಗಿ ಅಂಗಡಿಗೆ ಹೋದೆ. ಬೇಡದಿದ್ದರೂ ಸಾಸಿವೆ ಕೇಳಿದೆ. ಕೊಟ್ಟ ಹಾಳೆ ಬೇರೆ ಲೇಖನದ್ದು. ಜೀರಿಗೆ ಕೇಳಿದೆ. ಅಂಗಡಿಯವನು ನನ್ನ ಮುಖ ನೋಡಿ, "ಮನ್ಯಾಗ ಮದಿವಿ ಏನ್ರೀ ಆಚಾರ್ರೆ?" ಎಂದ. ಕೊನೆಗೆ ಉಳಿದ ಕಟ್ಟನ್ನೆಲ್ಲ ನನಗೆ ಕೊಟ್ಟುಬಿಡು ಎಂದೆ. ಅದು ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಶಾಲೆ ಮುಚ್ಚಿದ್ದ ದಿನಗಳೆಲ್ಲ ಅವನ್ನು ಓದಿದೆ. ಇದು ನನ್ನ ವೃತ್ತಿಜೀವನದ ಮೊದಲ ಓದು. ಪಾಠ ಹೇಳಲು ಸೇರಿದಾಗ ಒಂದು ಸಲ ಟಿಪ್ಪಣಿ ಮಾಡಿಕೊಂಡಿದ್ದೆ, ಪ್ರತಿ ವರ್ಷ ಅದನ್ನೇ ಓದಿ ಹೇಳುತ್ತಿದ್ದೆ. ಕಲಿಸುವುದರ ಬಗ್ಗೆಯೇ ಯಾರೋ ಕೂತು ಯೋಚಿಸಿ ಬರೆಯುತ್ತಾರೆ ಎಂಬುದು ನನಗೆ ಹೊಸದು. ಆದರೆ ನಾನು ಓದಿದ್ದು ಕಲಿಯಬೇಕೆಂದಲ್ಲ. ಅವರ ತರಗತಿ ನಗುವುದು ಏಕೆ ಎಂಬ ಗುಟ್ಟು ಅದರಲ್ಲಿದೆ, ಹಿಡಿಯುತ್ತೇನೆ ಎಂದು ಓದಿದೆ.

ಗುಟ್ಟು ಸಿಗಲಿಲ್ಲ. ಅಳತೆಯ ಲೇಖನದ ಮುಂದಿನ ಹಾಳೆ ಸಿಕ್ಕಿತು. ಅದರಲ್ಲಿದ್ದದ್ದು ಹೈದರಾಬಾದಿನ ಬರ್ಫದ, ಅಂದರೆ ಮಂಜುಗಡ್ಡೆಯ ಗಾಡಿ, ಬರ್ಫ ಮಾರುವವನ ತಕ್ಕಡಿ. ಆದರೆ ತಟ್ಟಿಯ ಆಚೆಯಿಂದ ನಾನು ಕೇಳಿದ್ದ ಅಳತೆಯ ಪಾಠದಲ್ಲಿ ಬರ್ಫ ಇರಲಿಲ್ಲ. ಅಲ್ಲಿ ಇದ್ದದ್ದು ನಮ್ಮೂರ ನೇಕಾರರ ಮಗ್ಗ. ಮಗ್ಗದ ಉದ್ದಕ್ಕೆ ಎಳೆದ ಹಾಸಿನಲ್ಲಿ ಎಷ್ಟು ಎಳೆ, ಒಂದು ಎಳೆ ತಪ್ಪಿದರೆ ಸೀರೆಯ ಅಂಚು ಎಲ್ಲಿ ಹೋಗುತ್ತದೆ, ಅಮ್ಮ ಯಾರಿಗೆ ಬೈಯುತ್ತಾಳೆ. ನೇಕಾರರ ಮಕ್ಕಳು ಅದಕ್ಕೆ ನಗುತ್ತಿದ್ದರು. ಅಂದರೆ ರಿಸಾಲೆ ಕೊಟ್ಟದ್ದನ್ನು ಅವರು ಹಾಗೆಯೇ ತಂದಿರಲಿಲ್ಲ. ಇದು ತಿಳಿದಾಗ ನನ್ನ ಹೊಟ್ಟೆಕಿಚ್ಚು ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು. ಪತ್ರಿಕೆಯಾದರೆ ನಾನೂ ತರಿಸಬಹುದಿತ್ತು.

ಶಾಲೆ ತೆರೆಯುವ ಹೊತ್ತಿಗೆ ಹೊಸ ಆಜ್ಞೆ ಬಂತು. ಇನ್ನು ಮೇಲೆ ಪಾಠ ಮಾತೃಭಾಷೆಯಲ್ಲಿ. ಪ್ರತಿಯೊಬ್ಬ ಮಾಸ್ತರನೂ ಹೊಸ ಶಾಲಾ ಇನ್ಸ್‌ಪೆಕ್ಟರರ ಎದುರು ಹತ್ತಿರದ ಊರಾದ ಮಖ್ತಲಿನಲ್ಲಿ ಒಂದು ಪಾಠ ಮಾಡಿ ತೋರಿಸಬೇಕು. ಬಾಯಲ್ಲಿ ಹೇಳಿದರೆ ಸಾಲದು, ಬೋರ್ಡಿನ ಮೇಲೆ ಆ ಭಾಷೆಯಲ್ಲೇ ಬರೆಯಬೇಕು. ಆಗದವರ ಹೆಸರು ತಖ್ಫೀಫಿಗೆ, ಅಂದರೆ ಕೆಲಸದಿಂದ ತೆಗೆಯುವವರ ಪಟ್ಟಿಗೆ. ನಮ್ಮ ಲೆಕ್ಕದ ಮಾಸ್ತರರು ಊರವರಂತೆಯೇ ಕನ್ನಡ ಮಾತಾಡುತ್ತಿದ್ದರು. ಒಂದಕ್ಷರ ಬರೆಯಲು ಬರುತ್ತಿರಲಿಲ್ಲ.

ಹೆಡ್‌ಮಾಸ್ತರರು ನನ್ನನ್ನು ಕರೆದರು. ವಯಸ್ಸಾದವರು, ಮಾತು ಕಡಿಮೆ.

"ಆಚಾರ್ರೆ, ಗದ್ವಾಲಕ್ಕ ನೀವ ಹೋಗಿಬರ್ರಿ. ಬಂದು ಹಾಜರಾಗಾಕ ಹೇಳ್ರಿ. ಬಂದಮ್ಯಾಲ ಅವರಿಗೆ ಅಕ್ಷರ ಕಲಸೂದು ನಿಮ್ಮ ಕೆಲಸ. ಅವರ ಕಡಿಂದ ಆಗಲಿಲ್ಲ ಅಂದ್ರ ಲೆಕ್ಕ ನಿಮ್ಮ ಕೊರಳಿಗೆ ಬೀಳತೈತಿ, ಹಿರೇ ಮಾಸ್ತರಿಕಿನೂ ಬೀಳತೈತಿ. ಅದಕ್ಕ ಮಖ್ತಲದಾಗ ನೀವೂ ಒಂದು ಲೆಕ್ಕದ ಪಾಠ ಮಾಡಿ ತೋರಸ್ರಿ."

ಅವರು ಅದನ್ನು ಹೊರೆ ಎಂಬಂತೆ ಹೇಳಿದರು. ನನಗೆ ಅದು ಹಾಗೆ ಕೇಳಿಸಲಿಲ್ಲ.

ಹರಿಗೋಲಿನಲ್ಲಿ ಕೃಷ್ಣೆ ದಾಟಿ ಗದ್ವಾಲಕ್ಕೆ ಹೋದೆ. ಕಂಕುಳಲ್ಲಿ ರಿಸಾಲೆಗಳ ಕಟ್ಟು. ಕೋಟೆಯ ಹಿಂದಿನ ಓಣಿಯಲ್ಲಿ ಅವರ ಮಾವನ ಮನೆ. ಒಬ್ಬ ಮುದುಕಿ ಬಾಗಿಲನ್ನು ಬೆರಳಗಲ ತೆರೆದು ಯಾರು ಎಂದಳು. ಶಾಲೆಯವರು ಎಂದ ಮೇಲೂ ಬಹಳ ಹೊತ್ತು ಹಾಗೆಯೇ ನೋಡುತ್ತ ನಿಂತಳು. ಒಳಗಿಂದ ಬಂದ ಮಾಸ್ತರರನ್ನು ನಾನು ತಕ್ಷಣ ಗುರುತು ಹಿಡಿಯಲಿಲ್ಲ. ಅವರ ಗಡ್ಡ ಇರಲಿಲ್ಲ. 

ಆಜ್ಞೆಯ ವಿಷಯ ಹೇಳಿದೆ. ಕೇಳಿಸಿಕೊಂಡರು. ಕಟ್ಟನ್ನು ಅವರ ಮುಂದಿಟ್ಟೆ. ಒಂದು ಸಂಚಿಕೆ ತೆಗೆದು ಮುಖದ ಹತ್ತಿರ ಹಿಡಿದರು.

"ಇಂಗಿನ ವಾಸನಿ ಬರತೈತಿ."

"ಕಿರಾಣಿ ಅಂಗಡ್ಯಾಗ ಸಿಕ್ಕವು."

ಅವರು ತಲೆಯಾಡಿಸಿದರು. ಎಲ್ಲಿಂದ ಎಲ್ಲಿಗೆ ಹೋದವು ಎಂದು ಅವರಿಗೆ ತಿಳಿಯಿತು. ಸಂಚಿಕೆಯನ್ನು ಕಟ್ಟಿನ ಮೇಲಿಟ್ಟು, "ನೀವು ಓದಿದ್ರಿ?" ಎಂದು ಕೇಳಿದರು.

"ಎಲ್ಲಾ ಓದಿದೆ."

"ಯಾವುದು ಸುಳ್ಳು ಅನಿಸ್ತು?"

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಮ್ಮ ಮನೆಯಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ಅಚ್ಚಾದದ್ದು ಸುಳ್ಳಿರಬಹುದೆಂದು ನಾನು ಎಂದೂ ಯೋಚಿಸಿರಲಿಲ್ಲ. ತಿಳಿಯದಿದ್ದರೆ ತಪ್ಪು ಓದುವವನದು. ಒಂದೂ ಇಲ್ಲ ಎಂದೆ.

"ಹಂಗಾರ ನೀವಿನ್ನೂ ಓದಿಲ್ಲ ಬಿಡ್ರಿ ಆಚಾರ್ರೆ," ಎಂದು ನಕ್ಕರು. ಆ ಮನೆಯಲ್ಲಿ ನಾನು ಕೇಳಿದ ಒಂದೇ ನಗು ಅದು. ನಾನು ಅದಕ್ಕಾಗಿ ಸಂತೋಷಪಡಬಹುದಿತ್ತು. ತಿರುಗಿ ಬರುವಾಗ ಹರಿಗೋಲಿನಲ್ಲಿ ಕೂತು, ಎಲ್ಲ ಕಳೆದುಕೊಂಡು ಪರರ ಮನೆಯಲ್ಲಿ ಕೂತವನೂ ನನ್ನನ್ನು ಪರೀಕ್ಷೆ ಮಾಡುತ್ತಾನಲ್ಲ ಎಂದು ಕುದಿಯುತ್ತಿದ್ದೆ.

ಅವರು ಒಬ್ಬರೇ ಬಂದರು. ಹೆಡ್‌ಮಾಸ್ತರರ ಮನೆಯ ಪಡಸಾಲೆಯ ಮೂಲೆಯ ಕೋಣೆಯಲ್ಲಿ ಇಳಿದುಕೊಂಡರು. ದಿನಾ ಬೆಳಿಗ್ಗೆ ಶಾಲೆ ತೆರೆಯುವ ಮೊದಲು ನನ್ನ ತರಗತಿಯಲ್ಲಿ ಪಾಠ ಆರಂಭಿಸಿದೆವು.

ನನ್ನ ಕ್ರಮ ಮೊದಲೇ ನಿಶ್ಚಯವಾಗಿತ್ತು. ರಿಸಾಲೆಯ ಒಂದು ಲೇಖನದಲ್ಲಿ, ಲಿಪಿ ಕಲಿಸುವಾಗ ಅಕ್ಷರಗಳೆಲ್ಲ ಗಟ್ಟಿಯಾಗುವವರೆಗೆ ಒಂದು ಶಬ್ದವನ್ನೂ ಕೊಡಬಾರದು, ಕೊಟ್ಟರೆ ಅಡಿಪಾಯ ಕೆಡುತ್ತದೆ ಎಂದಿತ್ತು. ನಮ್ಮ ತಂದೆ ನನಗೆ ಕಲಿಸಿದ್ದೂ ಹಾಗೆಯೇ. ನನ್ನ ಮನೆಯ ಪದ್ಧತಿಗೆ ಹೈದರಾಬಾದಿನ ಅಚ್ಚಿನ ಮುದ್ರೆ ಬಿದ್ದದ್ದು ನೋಡಿ ನನಗೆ ಹೆಮ್ಮೆಯಾಗಿತ್ತು. ಸ್ವರಗಳು ಮುಗಿದ ಮೇಲೆ ವ್ಯಂಜನ, ವ್ಯಂಜನ ಮುಗಿದ ಮೇಲೆ ಕಾಗುಣಿತ, ಆಮೇಲೆ ಒತ್ತಕ್ಷರ.

ಅವರು ಒಳ್ಳೆಯ ವಿದ್ಯಾರ್ಥಿ. ಬಾಯಲ್ಲಿ ಕ ಕಾ ಕಿ ಕೀ ಸರಾಗವಾಗಿ ಬಂತು, ರಾಗ ಕೂಡ ಬಂತು. ಕೈಗೆ ಬರಲಿಲ್ಲ. ಬಲದಿಂದ ಎಡಕ್ಕೆ ಓಡಿ ಅಭ್ಯಾಸವಾದ ಕೈ ಅದು. ಪ ಬರೆದರೆ ಷ ಆಗುವುದು, ಷ ಬರೆದರೆ ಫ ಆಗುವುದು. ಸೋಮವಾರ ಗಟ್ಟಿಯಾದ ಸಾಲು ಗುರುವಾರ ಹೊಸ ಸಾಲು ಬಂದಾಗ ಅಳಿಸಿಹೋಗುವುದು. ನಾನು ಹಿಂದಕ್ಕೆ ಹೋಗಿ ಮತ್ತೆ ಅದೇ ಸಾಲನ್ನು ತಿದ್ದಿಸುವೆ. ವಾರಗಳು ಹೋದವು. ಅವರಿಗೆ ಹತ್ತಾರು ಸಾಲು ಬಾಯಿಪಾಠವಾಗಿತ್ತು, ತಮ್ಮ ಪಾಠಕ್ಕೆ ಬೇಕಾದ ಒಂದು ಶಬ್ದ ಬರೆಯಲು ಬರುತ್ತಿರಲಿಲ್ಲ.

"ಮುಂದಿನ ತಿಂಗಳು ಮಖ್ತಲ್ ಐತಿ ಆಚಾರ್ರೆ," ಎಂದರು ಒಂದು ದಿನ, ಕೈಯ ಸುಣ್ಣದ ಪುಡಿ ಕೊಡವುತ್ತ. "ಇನ್ಸ್‌ಪೆಕ್ಟರ್ ಸಾಹೇಬರ ಮುಂದ ನಾನು ಕ ಕಾ ಕಿ ಕೀ ಅಂತ ಭಾಗಾಕಾರ ಮಾಡಲೇನು?"

"ರಿಸಾಲೆದಾಗ ಹಿಂಗ ಐತ್ರಿ."

"ಹೌದು, ಐತಿ. ಚಲೋ ಬರದಾರ ಅದನ್ನ," ಎಂದು ಮತ್ತೆ ಸುಣ್ಣದ ಕಡ್ಡಿ ಕೈಗೆತ್ತಿಕೊಂಡರು.

ಅವರು ಸೋಲುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ನನ್ನನ್ನು ಯಾರೂ ದೂರುವಂತಿರಲಿಲ್ಲ. ಒಂದು ಬೆಳಿಗ್ಗೆಯೂ ತಪ್ಪಿಸಿರಲಿಲ್ಲ, ಒಂದು ಅಕ್ಷರವನ್ನೂ ಬಿಟ್ಟಿರಲಿಲ್ಲ. ಅಚ್ಚಾದ ಕ್ರಮ, ಅದೂ ಅವರದೇ ಪತ್ರಿಕೆಯದು. ಕಡೆಗೆ ಲೆಕ್ಕದ ಪಾಠ ನನ್ನ ಪಾಲಿಗೆ ಬರುತ್ತಿತ್ತು. ಕೆಲಸ ಕಳೆದುಕೊಂಡು ಅವರು ಎಲ್ಲಿಗೆ ಹೋಗುತ್ತಾರೆ ಎಂದು ನಾನು ಆಗ ಯೋಚಿಸುತ್ತಿರಲಿಲ್ಲ ಎಂದರೆ ಅದು ನಿಜವಲ್ಲ. ಯೋಚಿಸುತ್ತಿದ್ದೆ, ಮತ್ತು ಮುಂದಿನ ಸಾಲು ಬರೆಸುತ್ತಿದ್ದೆ.

ಆ ದಿನಗಳಲ್ಲಿ ಶಾಲೆಯ ಫಲಕ ಬದಲಾಗಬೇಕಾಯಿತು. ಉರ್ದು ಫಲಕ ಇಳಿಸಿ ಕನ್ನಡ, ತೆಲುಗಿನಲ್ಲಿ ಬರೆಸಲು ಹೇಳಿದ್ದರು. ಬಣ್ಣದವನಿಗೆ ತಿದ್ದಲು ಬರಲೆಂದು ನಾನು ಹಲಗೆಯ ಮೇಲೆ ಸುಣ್ಣದಲ್ಲಿ ಊರ ಹೆಸರು ಬರೆದು ಗೋಡೆಗೆ ಒರಗಿಸಿದ್ದೆ. ಲೆಕ್ಕದ ಮಾಸ್ತರರು ಒಳಗೆ ಬರುವಾಗ ಅದರ ಮುಂದೆ ನಿಂತರು.

"ನಾರಾಯಣಪೇಟೆ," ಎಂದರು.

ನಾನು ಹತ್ತಿರ ಹೋದೆ. "ರಾ ನಿಮಗ ಇನ್ನೂ ಬಂದಿಲ್ಲ. ಪೇ ಸುದ್ದಾ ಆಗಿಲ್ಲ. ಹೆಂಗ ಓದಿದ್ರಿ?"

"ಊರು ಗೊತ್ತಿತ್ತಲ್ಲ ಆಚಾರ್ರೆ. ತಲಿ ಹಣ್ಣಾಗಿದ್ದು ಇಲ್ಲೇ."

ಅವರು ನಗುತ್ತ ಒಳಗೆ ಹೋದರು. ಅದನ್ನು ಅವರು ದೊಡ್ಡದು ಮಾಡಲಿಲ್ಲ. ನಾನು ಹಲಗೆಯ ಮುಂದೆ ನಿಂತೇ ಇದ್ದೆ. ಕಲಿಸದ ಅಕ್ಷರವನ್ನು ಆ ಮನುಷ್ಯ ಓದಿದ್ದರು. ಏಕೆಂದರೆ ಅವರಿಗೆ ಬೇಕಾದ ಶಬ್ದವೊಂದು ಅಲ್ಲಿತ್ತು. ತಿಂಗಳಿಂದ ನಾನು ಅವರಿಗೆ ಕೊಡುತ್ತಿದ್ದದ್ದು ಯಾರಿಗೂ ಬೇಡವಾದ ಸದ್ದುಗಳು. ಗದ್ವಾಲದ ಪ್ರಶ್ನೆ ನೆನಪಾಯಿತು. ಯಾವುದು ಸುಳ್ಳು ಎಂದು ಈಗ ಗೊತ್ತಾಗಿತ್ತು.

ಅಲ್ಲಿ ನಿಂತು ನಾನು ತೀರ್ಮಾನ ಮಾಡಿದೆ. ಅದು ಕರುಣೆಯ ತೀರ್ಮಾನವೆಂದು ಹೇಳಿದರೆ ಚೆನ್ನಾಗಿ ಕಾಣುತ್ತದೆ. ಕರುಣೆಯೂ ಸ್ವಲ್ಪ ಇದ್ದಿರಬಹುದು; ಹೊಸಿಲ ಮೇಲಿನ ಚಪ್ಪಲಿ ನನ್ನ ಕಣ್ಣಿನಿಂದ ಹೋಗಿರಲಿಲ್ಲ. ಆದರೆ ಹೆಚ್ಚಾಗಿ ನನ್ನನ್ನು ದೂಡಿದ್ದು ಬೇರೆ. ಅವರು ಚಲೋ ಬರೆದಿದ್ದಾರೆ ಎಂದ ಲೇಖನವನ್ನು ಸುಳ್ಳೆಂದು ಕಂಡವನು ನಾನು. ಅದನ್ನು ಅವರಿಗೆ ಹೇಳಬೇಕಿತ್ತು. ಬರೀ ಬಾಯಲ್ಲಿ ಹೇಳಿದರೆ ಸಾಲದು, ಸಾಧಿಸಿ ಹೇಳಬೇಕಿತ್ತು. ಸಾಧಿಸಬೇಕಾದರೆ ಅವರು ಕಲಿಯಲೇಬೇಕಿತ್ತು.

ಮರುದಿನ ಕಾಗುಣಿತ ತೆಗೆಯಲಿಲ್ಲ. "ಮಖ್ತಲದಾಗ ಏನು ಪಾಠ ಮಾಡ್ತೀರಿ, ಪೂರಾ ಹೇಳ್ರಿ," ಎಂದೆ. ಮಗ್ಗದ ಹಾಸಿನ ಭಾಗಾಕಾರ ಎಂದರು. ಮುನ್ನೂರ ಅರವತ್ತು ಎಳೆ, ಹನ್ನೆರಡು ಕಟ್ಟು, ಕಟ್ಟಿಗೆ ಎಷ್ಟು. ಬೋರ್ಡಿನ ಮೇಲೆ ಬರೆಯಲೇಬೇಕಾದ ಶಬ್ದಗಳನ್ನಷ್ಟೇ ಆರಿಸಿದೆವು: ಹಾಸು, ಎಳೆ, ಕಟ್ಟು, ಒಟ್ಟು, ಪಾಲು. ಜೊತೆಗೆ ಕನ್ನಡದ ಅಂಕಿಗಳು. ಒಂದು ಶಬ್ದವನ್ನು ಇಡಿಯಾಗಿ ಬರೆದು ತೋರಿಸುವೆ, ಅವರು ಅದನ್ನು ಹೇಳಿ, ಮುಚ್ಚಿ, ಬರೆಯುವರು. ಆಮೇಲೆ ಅದನ್ನು ಬಿಡಿಸಿ ಅಕ್ಷರ ಹೊರತೆಗೆಯುವೆವು. ಮೂರನೆಯ ದಿನವೋ ನಾಲ್ಕನೆಯ ದಿನವೋ ಅವರು ತಾವಾಗಿಯೇ, ಹಾಸಿನ ಹಾ ಮತ್ತು ಪಾಲಿನ ಲು ಕೂಡಿದರೆ ಹಾಲು ಆಗುತ್ತದಲ್ಲ ಎಂದು ಬರೆದು ತೋರಿಸಿದರು. ಕಟ್ಟು ಬಂದಿರುವುದರಿಂದ ಒಟ್ಟು ಅರ್ಧ ಬಂದಂತೆಯೇ ಎಂದರು. ಇವೆರಡನ್ನೂ ನಾನು ಹೇಳಿಕೊಟ್ಟಿರಲಿಲ್ಲ. ನನ್ನ ಕ್ರಮ ಗೆಲ್ಲುತ್ತಿತ್ತು, ಅದರ ಸೊಗಸು ಮಾತ್ರ ಅವರ ಪಾಲಾಗುತ್ತಿತ್ತು.

ಉಳಿದದ್ದು ದಿಕ್ಕಿನ ತೊಂದರೆ. ಉರ್ದು ಲೆಕ್ಕದಲ್ಲಿ ನಾವು ಸಾಲನ್ನು ಬಲಗಡೆಯಿಂದ ಆರಂಭಿಸುತ್ತಿದ್ದೆವು. ಭಾಗಿಸಬೇಕಾದ ಸಂಖ್ಯೆ ಬಲಕ್ಕೆ, ಅದರ ಎಡಕ್ಕೆ ಚಿಹ್ನೆ, ಅದರ ಎಡಕ್ಕೆ ಭಾಗಿಸುವ ಸಂಖ್ಯೆ, ಉತ್ತರ ಎಡತುದಿಗೆ. ಕನ್ನಡದಲ್ಲಿ ಎಲ್ಲ ತಿರುಗುಮುರುಗು. ಅವರು ಶಬ್ದಗಳನ್ನು ಸರಿಯಾಗಿ ಬರೆದು, ಅಂಕಿ ಬಂದ ಕೂಡಲೇ ಬಲಗಡೆಗೆ ಹೋಗಿ ನಿಲ್ಲುವರು. "ಎಡಕ್ಕ ಸಾಹೇಬ್ರ, ಎಡಕ್ಕ," ಎಂದು ನಾನು ದಿನಾ ಕೂಗುವೆ. ಕೊನೆಗೆ ಬರೆಯುವ ಮೊದಲು ಬೋರ್ಡಿನ ಎಡಮೂಲೆಯಲ್ಲಿ ಸುಣ್ಣದ ಚುಕ್ಕೆ ಇಡಿ ಎಂದೆ. ಅವರು ಅದಕ್ಕೆ ಬಾಗಿಲು ಎಂದು ಹೆಸರಿಟ್ಟರು. ಚುಕ್ಕೆ ಇಡದೆ ಒಂದು ಗೆರೆಯನ್ನೂ ಎಳೆಯುತ್ತಿರಲಿಲ್ಲ. ನನಗೆ ಅದರ ಅಗತ್ಯ ಇರಲಿಲ್ಲ. ಕನ್ನಡ ನನ್ನ ಮನೆಯ ಭಾಷೆ.

ಮಖ್ತಲಿಗೆ ಬಸ್ಸಿನಲ್ಲಿ ಹೋದೆವು. ಮರಿಕಲ್, ಮದ್ದೂರು ಕಡೆಯ ಮಾಸ್ತರರೂ ಬಂದಿದ್ದರು. ಅವರೆಲ್ಲ ಕೋಣೆಯ ಹಿಂದೆ ಚಾಪೆಯ ಮೇಲೆ ಕೂತರು, ಮುಂದೆ ಮಖ್ತಲಿನ ಶಾಲೆಯ ಮಕ್ಕಳು. ಇನ್ಸ್‌ಪೆಕ್ಟರರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಧಾರವಾಡದ ಕಡೆ ಓದಿ ಬಂದವರು, ಉರ್ದು ಬಾರದವರು. ತಪ್ಪಾದರೂ ಪರವಾಗಿಲ್ಲ ಎನ್ನುವಂಥ ಸೌಮ್ಯ ಮುಖ.

ಮೊದಲು ನನ್ನ ಪಾಠ. ಇನ್ನೂರು ಸೇರು ಜೋಳವನ್ನು ಎಂಟು ಮನೆಗೆ ಹಂಚುವುದು. ಶಬ್ದಗಳನ್ನು ಬರೆದೆ, ಅಕ್ಷರ ದುಂಡಗೆ ಬಂದವು. ಲೆಕ್ಕ ಬರೆದೆ. ಮಕ್ಕಳನ್ನು ಕೇಳಿದೆ. ಇಪ್ಪತ್ತೈದು ಎಂದರು, ಒಂದೇ ದನಿಯಲ್ಲಿ. ಹಿಂದಿನ ಮಾಸ್ತರರು ಮೆಚ್ಚಿ ತಲೆಯಾಡಿಸಿದರು. ನನಗೆ ಹಿಗ್ಗಾಯಿತು.

"ಮಾಸ್ತರೆ," ಎಂದರು ಇನ್ಸ್‌ಪೆಕ್ಟರರು. "ಎಂಟನ್ನು ಇನ್ನೂರರಿಂದ ಭಾಗಿಸಿದರೆ ಇಪ್ಪತ್ತೈದು ಹೇಗೆ ಬರುತ್ತದೆ?"

ನಾನು ಬೋರ್ಡು ನೋಡಿದೆ. ತಪ್ಪು ಕಾಣಲಿಲ್ಲ. ಇನ್ನೊಮ್ಮೆ ನೋಡಿದೆ. ಹಿಂದೆ ಕೂತವರನ್ನು ನೋಡಿದೆ, ಅವರಿಗೂ ಕಾಣಲಿಲ್ಲ. ಮಕ್ಕಳು ಇನ್ಸ್‌ಪೆಕ್ಟರರನ್ನು, ಪಾಪ ಇವರಿಗೆ ಲೆಕ್ಕ ಬರುವುದಿಲ್ಲವೇನೋ ಎಂಬಂತೆ ನೋಡುತ್ತಿದ್ದರು. ಆಮೇಲೆ ಲೆಕ್ಕದ ಮಾಸ್ತರರ ಮುಖ ಕಂಡಿತು. ಅವರು ಲೆಕ್ಕವನ್ನು ನೋಡುತ್ತಿರಲಿಲ್ಲ. ಚುಕ್ಕೆ ಇಲ್ಲದ ಎಡಮೂಲೆಯನ್ನು ನೋಡುತ್ತಿದ್ದರು.

ಬೋರ್ಡಿನ ಮೇಲೆ ಕನ್ನಡದ ಅಂಕಿಗಳಲ್ಲಿ, ದುಂಡಗೆ, ೨೫ = ೮ ÷ ೨೦೦ ಎಂದಿತ್ತು. ಬರೆದದ್ದು ನಾನು, ಬಲಗಡೆಯಿಂದ. ಓದಿದವರು ಆ ಕೋಣೆಯ ಮಕ್ಕಳು, ಮಾಸ್ತರರು, ಎಲ್ಲರ ಕಣ್ಣೂ ಬಲಗಡೆಯಿಂದಲೇ ಹೋಗಿತ್ತು. ಸುಣ್ಣದ ಕಡ್ಡಿಯನ್ನು ಬೋರ್ಡಿನ ಕೆಳಗಿಟ್ಟೆ. ಹೋಗಿ ಚಾಪೆಯ ತುದಿಯಲ್ಲಿ ಕೂತೆ.

ಅವರ ಸರದಿ ಬಂತು. ನನ್ನ ಲೆಕ್ಕವನ್ನು ಅವರು ಒರೆಸಲಿಲ್ಲ. 

"ಇದನ್ನ ಈ ಕಡಿಂದ ಓದಿದವ್ರು ಕೈ ಎತ್ರಿ," ಎಂದು ಬೋರ್ಡಿನ ಬಲಗಡೆ ತೋರಿಸಿದರು. ಮಕ್ಕಳೆಲ್ಲ ಎತ್ತಿದರು. ಅವರೂ ಕೈ ಎತ್ತಿದರು. ಎತ್ತಿಕೊಂಡೇ ಹಿಂದೆ ಕೂತವರ ಕಡೆ ನೋಡಿದರು. ಒಬ್ಬೊಬ್ಬರಾಗಿ ಮಾಸ್ತರರ ಕೈಗಳು ಮೇಲೆ ಬಂದವು. ನಾನೂ ಎತ್ತಿದೆ. ಇನ್ಸ್‌ಪೆಕ್ಟರರು ಕುರ್ಚಿಯಲ್ಲಿ ತಿರುಗಿ ಆ ಕೈಗಳನ್ನು ಬಹಳ ಹೊತ್ತು ನೋಡಿದರು.

"ನಾವೆಲ್ಲಾ ಆ ಬಾಗಿಲಿಂದ ಬಂದವ್ರು. ನಮ್ಮ ಆಚಾರ್ರೂ ಅದ ಬಾಗಿಲು, ನಾನೂ ಅದ ಬಾಗಿಲು. ಇವತ್ತಿಂದ ಬಾಗಿಲು ಇಲ್ಲಿ ಐತಿ." ಎಡಮೂಲೆಯಲ್ಲಿ ಚುಕ್ಕೆ ಇಟ್ಟರು. "ಇನ್ನ ಹಳೇ ಬಾಗಿಲಿಗೆ ಹೋದ್ರ ಗ್ವಾಡಿ ಹಾಯತೈತಿ, ತಲಿ ಜ್ವಾಕಿ."

ಮಕ್ಕಳು ನಕ್ಕರು. ನಡುವೆ ತಟ್ಟಿ ಇಲ್ಲದೆ ಆ ನಗು ನಾನು ಕೇಳಿದ್ದು ಅದೇ ಮೊದಲು. ಅವರು ಬರೆದ 'ಎಳೆ'ಯ ಳೆ ಸ್ವಲ್ಪ ವಾಲಿತ್ತು. ಉಳಿದ ಶಬ್ದಗಳು ನಿಂತವು. ಮುನ್ನೂರ ಅರವತ್ತು ಎಡಕ್ಕೆ ಬಂತು, ಹನ್ನೆರಡು ಬಲಕ್ಕೆ. ನನ್ನ ಮಾನ ಉಳಿಸಿದ್ದಕ್ಕೆ ನನಗೆ ಕೃತಜ್ಞತೆ ಇತ್ತು. ನನ್ನ ತಪ್ಪಿನಿಂದ ಅಷ್ಟು ಒಳ್ಳೆಯ ಪಾಠ ಅವರು ಮಾಡಿದರು, ನಾನು ಮಾಡಲಿಲ್ಲ ಎಂಬ ಉರಿಯೂ ಅಷ್ಟೇ ಇತ್ತು. ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡು ಕೂತಿದ್ದೆ.

ಪಾಠ ಮುಗಿದ ಮೇಲೆ ಇನ್ಸ್‌ಪೆಕ್ಟರರು, ಇಷ್ಟು ಬೇಗ ಬರೆಯಲು ಯಾರು ಕಲಿಸಿದರು ಎಂದು ಅವರನ್ನು ಕೇಳಿದರು. ಅವರು ನನ್ನನ್ನು ತೋರಿಸಿದರು. ಸಂಜೆಯ ಹೊತ್ತಿಗೆ ತೀರ್ಮಾನ ತಿಳಿಯಿತು. ಲೆಕ್ಕದ ಮಾಸ್ತರರು ಲೆಕ್ಕಕ್ಕೇ ಇರುತ್ತಾರೆ, ಹಿರಿಯ ಮಾಸ್ತರರಾಗಿಯೇ ಇರುತ್ತಾರೆ. ಉರ್ದುವಿನಿಂದ ಕನ್ನಡಕ್ಕೆ ಬರುವ ಮಕ್ಕಳಿಗೆ ಅಕ್ಷರ ಕಲಿಸುವ ಹೊಸ ತರಗತಿ ನನಗೆ. ಅದು ಬಡ್ತಿಯೋ ಶಿಕ್ಷೆಯೋ ಎಂದು ಬಸ್ಸು ಹತ್ತುವವರೆಗೂ ನನಗೆ ತಿಳಿಯಲಿಲ್ಲ.

ಬಸ್ಸಿನಲ್ಲಿ ನಾನು ಹೇಳಿದೆ, "ಅಕ್ಷರ ಮುಗಿಯೋತನಕ ಶಬ್ದ ಕೊಡಬಾರದು ಅಂತ ಇತ್ತಲ್ಲ, ಆ ಲೇಖನ. ಅದು ಸುಳ್ಳು."

ಅವರು ಕಿಟಕಿಯಿಂದ ಮುಖ ತಿರುಗಿಸಿ ಯೋಚಿಸಿದರು. "ನನಗ ಅದು ಖರೇನ ಅನಿಸಿತ್ತು," ಎಂದರು ಕಡೆಗೆ. "ನೀವು ಹೇಳಿದ್ದು ಬರೋಬ್ಬರಿ."

ನಾರಾಯಣಪೇಟೆ ಬರುವವರೆಗೂ ಆ ಮಾತನ್ನು ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ಕೇಳಿಕೊಂಡೆ. ಲೆಕ್ಕ ಹೋದದ್ದು ಆ ಹೊತ್ತಿಗೆ ಅಷ್ಟು ದೊಡ್ಡದಾಗಿ ಕಾಣಲಿಲ್ಲ.

ಅವರ ಹೆಂಡತಿ ಮಕ್ಕಳು ಗದ್ವಾಲದಿಂದ ಬಂದು ಬೇರೆ ಓಣಿಯಲ್ಲಿ ಮನೆ ಹೂಡಿದರು. ಹೈದರಾಬಾದಿನ ರಿಸಾಲೆ ಬರುವುದು ನಿಂತಿತ್ತು. ಕನ್ನಡದಲ್ಲಿ ಶಿಕ್ಷಕರ ಮಾಸಪತ್ರಿಕೆ ಧಾರವಾಡದ ಕಡೆಯಿಂದ ಬರುತ್ತದೆ ಎಂದು ತಿಳಿದು, ಬರೆದು ತರಿಸಬೇಕೆಂದುಕೊಂಡೆ. ನಾಳೆ, ನಾಡಿದ್ದು ಎಂದು ದಿನ ಹೋಗುವಷ್ಟರಲ್ಲಿ ಅದರ ಮೊದಲ ಪ್ರತಿ ಶಾಲೆಗೆ ಬಂತು. ಮೇಲೆ ಅವರ ಹೆಸರು. ಆ ವಾಲಿದ ಅಕ್ಷರಗಳಲ್ಲಿ ಅವರೇ ಬರೆದು ತರಿಸಿದ್ದರು.

ಬಿಚ್ಚದೆ ನನ್ನ ಮೇಜಿನ ಮೇಲೆ ತಂದಿಟ್ಟರು. "ಮೊದಲ ನೀವು ಓದ್ರಿ ಆಚಾರ್ರೆ. ನಾನು ಕನ್ನಡ ಓದೂದು ಬಾಳ ತಡ ಐತಿ. ಸುಳ್ಳು ಎಲ್ಲೈತಿ ಹೇಳ್ರಿ, ಸಾಕು."

ನಾನು ಪೆನ್ಸಿಲ್ ಹಿಡಿದು ಓದಿದೆ. ಒಂದು ಲೇಖನದಲ್ಲಿ, ಮಾಸ್ತರನು ಬೋರ್ಡಿನ ಮೇಲೆ ಬೇಕೆಂದೇ ತಪ್ಪು ಬರೆದು, ಮಕ್ಕಳು ಅದನ್ನು ಹುಡುಕುವಂತೆ ಮಾಡಿ ಪಾಠ ಆರಂಭಿಸಬೇಕು ಎಂದಿತ್ತು. ಮಖ್ತಲಿನ ಬೋರ್ಡು ನನ್ನ ಕಣ್ಣ ಮುಂದೆ ಬಂತು. ಅಂಚಿನಲ್ಲಿ ಗೀಟು ಹಾಕಿದೆ, ಬಲವಾಗಿ. ಮಕ್ಕಳ ಎದುರು ತಪ್ಪಿ ನಿಲ್ಲುವುದು ಏನೆಂದು ಬರೆದವನಿಗೆ ಗೊತ್ತಿಲ್ಲ. ಇದು ಸುಳ್ಳು ಎಂದು ಅವರಿಗೆ ಪತ್ರಿಕೆ ಮರಳಿಸಿದೆ.

ಅವರು ಅದನ್ನು ಓದಲು ವಾರಗಟ್ಟಲೆ ತೆಗೆದುಕೊಂಡರು, ಬೇವಿನ ಕಟ್ಟೆಯ ಮೇಲೆ, ತುಟಿಯಾಡಿಸುತ್ತ. ಒಂದು ದಿನ ನನ್ನ ತರಗತಿಯ ಬಾಗಿಲಿಗೆ ಬಂದು ನಿಂತರು.

"ನೀವು ಗೀಟು ಹಾಕಿದ್ದು ಸುಳ್ಳಲ್ಲ ಆಚಾರ್ರೆ. ನಾನು ಮಾಡಿ ನೋಡಿದೆ."

ಯಾವಾಗ ಮಾಡಿದರು, ತಟ್ಟಿಯ ಈಚೆ ಕೂತು ನನಗೆ ಕೇಳಲಿಲ್ಲವೇ ಎಂದು ನೆನಪು ಮಾಡಿಕೊಂಡೆ. ಕೇಳಿತ್ತು. ಹಿಂದಿನ ದಿನ ಮಕ್ಕಳು ನಕ್ಕಿದ್ದರು, ಆಮೇಲೆ ಜಗಳಾಡುವವರಂತೆ ಕೂಗಿದ್ದರು. ನನಗೆ ಕಾರಣ ತಿಳಿದಿರಲಿಲ್ಲ.

"ನಾಳಿ ಇನ್ನೊಮ್ಮೆ ಮಾಡ್ರಿ," ಎಂದೆ.

ಮರುದಿನ ನನ್ನ ಮಕ್ಕಳಿಗೆ ಬರೆಯುವ ಕೆಲಸ ಕೊಟ್ಟು, ತಟ್ಟಿಯನ್ನು ಬಳಸಿ ಆ ಕಡೆಗೆ ಹೋದೆ. ಅವರ ತರಗತಿಯ ಹಿಂದಿನ ಸಾಲಿನಲ್ಲಿ, ನೇಕಾರರ ಇಬ್ಬರು ಹುಡುಗಿಯರು ಸರಿದು ಜಾಗ ಕೊಟ್ಟಲ್ಲಿ, ನೆಲದ ಮೇಲೆ ಕೂತೆ. ಕೈಯಲ್ಲಿ ಪೆನ್ಸಿಲ್ ಇತ್ತು. ಅವರು ಎಡಮೂಲೆಯಲ್ಲಿ ಚುಕ್ಕೆ ಇಟ್ಟು, ಬಲಗಡೆಗೆ ನಡೆದು ಹೋಗಿ, ಗಂಭೀರವಾದ ಮುಖದಲ್ಲಿ ತಪ್ಪು ಲೆಕ್ಕ ಬರೆಯಲು ಆರಂಭಿಸಿದರು. ಗಂಟೆ ಹೊಡೆಯುವವರೆಗೂ ಅವರ ಪಾಠದಲ್ಲಿ ಸುಳ್ಳು ಹುಡುಕಿದೆ. ಗೀಟು ಹಾಕುವಂಥದ್ದು ಆ ದಿನ ನನಗೆ ಏನೂ ಸಿಗಲಿಲ್ಲ.